ಶೇಕಡಾ ಎಷ್ಟು ಎನ್ನುವ ಮೊದಲು, ಯಾವುದರ ಶೇಕಡಾ ಎಂದು ಕೇಳಿ

ಕಬ್ಬಿನ ಹಂಗಾಮು ಬಂತೆಂದರೆ ಚಿಂಚಲಿ, ರಾಯಬಾಗ, ಕುಡಚಿ, ಉಗಾರ ಕಡೆ ಲಾರಿಗೊಬ್ಬ ಡ್ರೈವರ್ ಸಿಕ್ಕರೆ ಸಾಕು ಎನ್ನುವಂತಾಗುತ್ತದೆ. ಹಂಗಾಮು ಮುಗಿದ ಮೇಲೆ ಅವೇ ಲಾರಿಗಳು ಸಕ್ಕರೆ, ಬೆಲ್ಲ, ಗೋವಿನಜೋಳ ಹೇರಿಕೊಂಡು ದೂರದ ಊರುಗಳಿಗೆ ಹೊರಡುತ್ತವೆ. ಆಗ ತಿಂಗಳ ಪಗಾರ ಬೇಡ, ಬಾಡಿಗೆಯಲ್ಲಿ ನೂರಕ್ಕೆ ಇಷ್ಟು ಕೊಡುತ್ತೇನೆ ಎನ್ನುವ ಮಾಲಕರೂ ಇದ್ದಾರೆ. ಒಪ್ಪುವ ಮುನ್ನ ಲೆಕ್ಕ ಹಾಕಿ.

ಮೊದಲು: ಶೇಕಡಾ ಯಾವುದರ ಮೇಲೆ? ಪೂರ್ತಿ ಬಾಡಿಗೆಯ ಮೇಲೋ, ಖರ್ಚು ಕಳೆದು ಉಳಿದದ್ದರ ಮೇಲೋ? ಲೆಕ್ಕಕ್ಕಾಗಿ ಒಂದು ಟ್ರಿಪ್ಪಿನ ಬಾಡಿಗೆ 40,000 ರೂಪಾಯಿ ಎನ್ನೋಣ. ಡೀಸೆಲ್ 20,000, ಟೋಲ್ 3,000, ಹಮಾಲಿ 1,000, ಏಜೆಂಟರ ಕಮಿಷನ್ 1,000. ಉಳಿಯುವುದು 15,000. ಪೂರ್ತಿ ಬಾಡಿಗೆಯಲ್ಲಿ ಶೇ. 10 ಎಂದರೆ ನಿಮಗೆ 4,000. ಉಳಿದದ್ದರಲ್ಲಿ ಶೇ. 20 ಎಂದರೆ ಬರೀ 3,000. ಕೇಳಲು ಇಪ್ಪತ್ತು ದೊಡ್ಡದು, ಕೈಗೆ ಬರುವುದು ಕಡಿಮೆ. ಘಾಟಿನಲ್ಲಿ 2,000 ರೂಪಾಯಿಯ ಡೀಸೆಲ್ ಹೆಚ್ಚು ಸುಟ್ಟರೆ ಅದು 2,600ಕ್ಕೆ ಇಳಿಯುತ್ತದೆ. ಪೂರ್ತಿ ಬಾಡಿಗೆಯ ಲೆಕ್ಕದವನ 4,000 ಅಲುಗುವುದಿಲ್ಲ. ನನ್ನ ಸಲಹೆ ಕೇಳಿದರೆ, ಪೂರ್ತಿ ಬಾಡಿಗೆಯ ಮೇಲಿನ ಶೇಕಡಾ ಸಣ್ಣದಿದ್ದರೂ ಅದನ್ನೇ ಹಿಡಿಯಿರಿ.

ಎರಡನೆಯದು, ಲಾರಿ ನಿಂತ ದಿನಗಳು. ಶೇಕಡಾ ಲೆಕ್ಕದಲ್ಲಿ ಗಾಲಿ ತಿರುಗದಿದ್ದರೆ ದುಡಿಮೆ ಇಲ್ಲ. ಕಾರ್ಖಾನೆಯ ಅಂಗಳದಲ್ಲಿ ಸರದಿ ಕಾಯುವುದು, ಮರಳುವಾಗ ಲೋಡ್ ಸಿಗದೆ ಪರ ಊರಲ್ಲಿ ಬೀಳುವುದು, ಗ್ಯಾರೇಜು: ಈ ದಿನಗಳಿಗೆ ಊಟ-ಭತ್ತೆ ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ. ಕ್ಲೀನರನ ಪಗಾರ ಯಾರದು, ಪಂಕ್ಚರ್ ಯಾರದು, ತಾಡಪತ್ರಿ ಹರಿದರೆ ಯಾರದು ಎಂಬುದೂ ಆಗಲೇ ತೀರಲಿ.

ಮೂರನೆಯದು, ಬಾಕಿ. ಬಾಡಿಗೆಯ ಒಂದು ಪಾಲು ಲೋಡಾದಾಗ ಬರುತ್ತದೆ, ಉಳಿದದ್ದು ಮಾಲು ಮುಟ್ಟಿದ ಸಹಿ ಬಂದ ಮೇಲೆ. ನಿಮ್ಮ ಶೇಕಡಾ ಟ್ರಿಪ್ ಮುಗಿದ ಕೂಡಲೇ ಸಿಗುವುದೋ, ಬಾಕಿ ವಸೂಲಾಗುವವರೆಗೆ ಕಾಯಬೇಕೋ? ಬಿಲ್ಟಿ, ಕಾಟಾ ಚೀಟಿ, ಡೀಸೆಲ್ ಬಿಲ್ಲು ಮೂರರ ಫೋಟೋ ಮೊಬೈಲಿನಲ್ಲಿರಲಿ. ಬಿಲ್ಟಿ ತೋರಿಸಲು ಒಲ್ಲೆ ಎನ್ನುವ ಮಾಲಕನ ಹತ್ತಿರ ಶೇಕಡಾ ಲೆಕ್ಕ ಬೇಡವೇ ಬೇಡ, ಪಗಾರವೇ ವಾಸಿ.

ಇನ್ನು ಓವರ್‌ಲೋಡ್. ಬಾಡಿಗೆ ಟನ್ನಿನ ಲೆಕ್ಕದ್ದಾದರೆ ಹೆಚ್ಚು ಹೇರುವ ಆಸೆ ಡ್ರೈವರನಿಗೂ ಹುಟ್ಟುತ್ತದೆ. 2018ರ ಪರಿಷ್ಕರಣೆಯಂತೆ ಹತ್ತು ಗಾಲಿಯ ಲಾರಿ ಮಾಲು ಸಮೇತ 28.5 ಟನ್ ಮೀರುವಂತಿಲ್ಲ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಮೂರು ಟನ್ ಹೆಚ್ಚಾದರೆ ದಂಡ 26,000. ಟನ್ನಿಗೆ 300 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ, ಆ ಮೂರು ಟನ್ನಿನಲ್ಲಿ ನಿಮ್ಮ ಶೇ. 10 ಪಾಲು ತೊಂಬತ್ತೇ ರೂಪಾಯಿ! ದಂಡದಲ್ಲಿ ನಿಮ್ಮ ಪಾಲೆಷ್ಟು ಎಂದು ಮಾಲಕ ಆಗ ಹೇಳುತ್ತಾನೆ.

ಕೊನೆಗೆ, ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ ಪಡೆದಿದ್ದರೆ ಪ್ರತಿ ಟ್ರಿಪ್ಪಿಗೆ ಎಷ್ಟು ಮುರಿಯಬೇಕು ಎಂಬುದೂ ಅದರಲ್ಲಿರಲಿ. ಶೇಕಡಾ ಮೇಲೆ ದುಡಿಯುವವರಿಗೆ ಪಿಎಫ್, ಇಎಸ್‌ಐ ಇರುವುದು ಅಪರೂಪ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗಾಗಿ ಕಾರ್ಮಿಕ ಇಲಾಖೆಯಲ್ಲಿ ಅಪಘಾತ ಪರಿಹಾರದ ಯೋಜನೆ ಇದೆ. ಹಂಗಾಮಿಗೆ ಮೊದಲೇ ಲೈಸೆನ್ಸ್, ಆಧಾರ್ ತೆಗೆದುಕೊಂಡು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ.