ರೀಲಿನಿಂದ ಕಾರ್ಡಿಗೆ

ರೀಲ್ ಕ್ಯಾಮೆರಾ ಬಿಟ್ಟು ಡಿಜಿಟಲ್ ಹಿಡಿದು ಪ್ರವಾಸ ಹೊರಟಿದ್ದೀರಾ? ವಿಮಾನ ನಿಲ್ದಾಣದ ಎಕ್ಸ್‌ರೇಗೆ ಇನ್ನು ಹೆದರಬೇಕಿಲ್ಲ. ಆದರೆ ಬೆಳಕಿನ ಲೆಕ್ಕ ತಿರುಗುಮುರುಗು. ಕಲರ್ ನೆಗೆಟಿವ್‌ನಲ್ಲಿ ಬೆಳಕು ತುಸು ಹೆಚ್ಚಾದರೂ ನಡೆಯುತ್ತಿತ್ತು, ಇಲ್ಲಿ ನಡೆಯದು. ಹಂಪಿಯ ಬಿರುಬಿಸಿಲಲ್ಲಿ ವಿರೂಪಾಕ್ಷ ಗೋಪುರವನ್ನು ತೆಗೆಯುವಾಗ ಅದರ ತಿಳಿಬಣ್ಣದ ಗಾರೆ ಗೊಂಬೆಗಳ ಮೇಲೆ ಕಣ್ಣಿಡಿ. ಅವು ಪೂರ್ತಿ ಬಿಳಿಚಿಕೊಂಡರೆ ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತಂದುಕೊಡದು. ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ, ರಾ ಫೈಲಿನಲ್ಲೇ ತೆಗೆಯಿರಿ. ನೆರಳಿನ ಭಾಗವನ್ನು ಮನೆಗೆ ಬಂದು ಬೆಳಗಿಸಬಹುದು.

ಹಿಮದೂರಿಗೆ ಹೋಗುವವರು ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಡಿ, ಚಳಿಗೆ ಅದು ಬೇಗ ಸೋಲುತ್ತದೆ. 36 ಚಿತ್ರಕ್ಕೊಂದು ರೀಲು ಎಂದು ಕಾದು ಕ್ಲಿಕ್ಕಿಸುತ್ತಿದ್ದ ಆ ತಾಳ್ಮೆ ಮಾತ್ರ ದಯವಿಟ್ಟು ಬಿಡಬೇಡಿ. ಮತ್ತೆ, ಎರಡು ಕಡೆ ನಕಲು ಮಾಡಿಟ್ಟುಕೊಳ್ಳುವವರೆಗೆ ಕಾರ್ಡನ್ನು ಅಳಿಸಲೇಬೇಡಿ.