ಚಳಿಗಾಲಕ್ಕೆ ಮುನ್ನ ತಾರಸಿಯ ಸೋಲಾರ್ ಪರೀಕ್ಷೆ

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಅದರ ಕೊರಳಿಗೆ ಬಳ್ಳಿಯನ್ನು ಸುತ್ತಿ ಹೊಸ ನೀರು ತುಂಬುವ ನಮ್ಮ ಆಚಾರದಲ್ಲಿ ಧಾರ್ಮಿಕ ಶ್ರದ್ಧೆಯೊಡನೆ ಒಂದು ಲೌಕಿಕ ವಿವೇಕವೂ ಅಡಗಿದೆ. ಮಳೆ ಹಿಂದೆಗೆದು ಚಳಿ ಅಡಿಯಿಡುವ ಸಂಧಿಕಾಲವೇ ನೀರು ಕಾಯಿಸುವ ಸಾಧನವನ್ನು ಶೋಧಿಸಿ ಸಜ್ಜುಗೊಳಿಸಲು ತಕ್ಕ ಸಮಯವೆಂಬುದೇ ಆ ವಿವೇಕ. ಹಂಡೆಯ ಸ್ಥಾನಕ್ಕೆ ಇಂದು ಸೋಲಾರ್ ಬಂದಿದೆಯಾದರೂ, ವರ್ಷಕ್ಕೊಮ್ಮೆ ಅದರ ಕಡೆ ಕಣ್ಣು ಹಾಯಿಸುವ ಪದ್ಧತಿ ಮಾತ್ರ ತಾರಸಿಯನ್ನು ಏರಿದಂತಿಲ್ಲ.

ಧನುರ್ಮಾಸದಲ್ಲಿ ನೀರು ಕಾಯದಿದ್ದರೆ ದೋಷವನ್ನು ಸೂರ್ಯನ ಮೇಲೆ ಹೊರಿಸುವುದು ಸುಲಭ. ಆದರೆ ಬೆಂಗಳೂರಿನ ಉಷ್ಣತೆಯ ಕನಿಷ್ಠ ದಾಖಲೆಯೇ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್ ಆಗಿರುವಾಗ, ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಒಡೆಯುವ ಭಯವು ನಮಗಿಲ್ಲ. ಡಿಸೆಂಬರ್ ಜನವರಿಗಳ ಹಗಲೂ ಬಹುಮಟ್ಟಿಗೆ ನಿರ್ಮಲವಾದದ್ದೇ. ನೆರಳು, ಧೂಳು, ಸುಣ್ಣದ ಪದರ, ಹೊದಿಕೆ ಕಳಚಿದ ಕೊಳವೆ, ಇವುಗಳ ದಾರಿಯಿಂದ ಶಾಖವು ಸೋರಿಹೋಗುತ್ತದೆ. ಆದಕಾರಣ ಬಿಸಿಲಿನಿಂದ ಆರಂಭಿಸಿ ನಲ್ಲಿಯವರೆಗೆ ಕ್ರಮವಾಗಿ ಪರೀಕ್ಷಿಸುತ್ತ ಬರುವುದೇ ಸರಿಯಾದ ಮಾರ್ಗ.

1. ನೆರಳು

ಜೂನ್ ತಿಂಗಳಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದು ಸಾಗುವ ಸೂರ್ಯನು ಡಿಸೆಂಬರ್ ಉತ್ತರಾರ್ಧದಲ್ಲಿ ಬೆಂಗಳೂರಿನ ನಡುಹಗಲಿನಲ್ಲಿಯೂ ದಕ್ಷಿಣ ದಿಗಂತದಿಂದ ಸುಮಾರು 54 ಡಿಗ್ರಿಯಷ್ಟೇ ಮೇಲಿರುವುದರಿಂದ, ಬೇಸಗೆಯಲ್ಲಿ ನಿರಪಾಯವಾಗಿದ್ದ ದಕ್ಷಿಣದ ತೆಂಗಿನ ಮರವೋ ನೆರೆಮನೆಯ ಹೊಸ ಮಹಡಿಯೋ ಈಗ ನೆರಳು ಚಾಚೀತು. 10 ಅಡಿಯ ಗೋಡೆಯು ಆ ದಿನಗಳ ಮಧ್ಯಾಹ್ನದಲ್ಲಿ ಏಳು ಅಡಿಗೂ ಮಿಕ್ಕಿ ನೆರಳು ಕೆಡಹುತ್ತದೆ; ಬೆಳಗ್ಗೆ ಸಂಜೆಗಳಲ್ಲಿ ಅದು ಇನ್ನೂ ಉದ್ದ. ಒಂದು ದಿನ 9, 12, 3 ಗಂಟೆಗಳಿಗೆ ತಾರಸಿಗೆ ಹೋಗಿ ನೋಡಿ, ಗರಿಯಿದ್ದರೆ ಕಡಿಸಬೇಕು, ನೀರಿನ ಡ್ರಮ್ಮು ಅಡ್ಡವಿದ್ದರೆ ಸರಿಸಬೇಕು.

2. ಧೂಳು

ಗಾಜನ್ನು ಸೂರ್ಯೋದಯಕ್ಕೆ ಮುನ್ನವೇ, ಅದು ತಣ್ಣಗಿರುವಾಗ, ಮೆತ್ತನೆಯ ಬಟ್ಟೆ ಮತ್ತು ನೀರಿನಿಂದ ತೊಳೆಯತಕ್ಕದ್ದು. ಕಾದ ಗಾಜಿಗೆ ತಣ್ಣೀರು ಸುರಿದರೆ ಅದು ಸೀಳುವ ಅಪಾಯವುಂಟು. ಪಾತ್ರೆ ತಿಕ್ಕುವ ನಾರು ಕೂಡದು, ಗೀರು ಬೀಳುತ್ತದೆ.

3. ಗಾಜಿನ ಟ್ಯೂಬು

ಟ್ಯೂಬಿನ ಎರಡು ಪದರಗಳ ನಡುವಣ ನಿರ್ವಾತವೇ ಒಳಗಿನ ಶಾಖವನ್ನು ಹಿಡಿದಿಡುವ ಶಕ್ತಿ. ಅದು ಉಳಿದಿದೆಯೇ ಎಂಬುದನ್ನು ಅರಿಯಲು ಯಂತ್ರವೇನೂ ಬೇಕಿಲ್ಲ: ಟ್ಯೂಬಿನ ಕೆಳತುದಿಯಲ್ಲಿ ಬೇರಿಯಂ ಲೋಹದ ಲೇಪವೊಂದು ಬೆಳ್ಳಿಯ ಕನ್ನಡಿಯಂತೆ ಹೊಳೆಯುತ್ತಿದ್ದರೆ ಟ್ಯೂಬು ಕ್ಷೇಮ, ಅದು ಮಂಕಾಗಿ ಹಾಲಿನ ಬಿಳುಪಿಗೆ ತಿರುಗಿದ್ದರೆ ಗಾಳಿ ನುಗ್ಗಿದೆಯೆಂದು ತಿಳಿದು ಆ ಟ್ಯೂಬನ್ನು ಬದಲಾಯಿಸಬೇಕು. ಟ್ಯೂಬು ಟ್ಯಾಂಕನ್ನು ಸೇರುವ ಕಡೆ ರಬ್ಬರಿನ ಉಂಗುರವು ಬಿರುಕುಬಿಟ್ಟು ನೀರು ಜಿನುಗುತ್ತಿದ್ದರೆ ಅದನ್ನೂ ಆಗಲೇ ಬದಲಾಯಿಸುವುದು ಒಳಿತು.

4. ಸುಣ್ಣದ ಪದರ

ಕೊಳವೆಬಾವಿಯ ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಟ್ಯಾಂಕಿನ ಒಳಮೈಗೂ, ಟ್ಯೂಬಿಗೆ ಬದಲು ಫಲಕವಿರುವ ಮಾದರಿಯಲ್ಲಿ ತಾಮ್ರದ ಸಪೂರ ಕೊಳವೆಗಳಿಗೂ ಅಂಟಿಕೊಳ್ಳುತ್ತದೆ. ಶಾಖಕ್ಕೂ ನೀರಿಗೂ ನಡುವೆ ಅದೊಂದು ಗೋಡೆಯೇ ಸರಿ. ಮುಂಜಾನೆ ತಣ್ಣೀರಿನ ವಾಲ್ವನ್ನು ಮುಚ್ಚಿ, ಡ್ರೈನ್ ವಾಲ್ವನ್ನು ತೆರೆದು, ಬಿಳಿಯ ಹುಡಿಯೂ ಕೆಸರೂ ನಿಂತು ತಿಳಿನೀರು ಬರುವವರೆಗೆ ಹರಿಸಬೇಕು. ಖಾಲಿಯಾದ ಟ್ಯೂಬುಗಳಿಗೆ ಬಿಸಿಲೇರಿದ ಮೇಲೆ ನೀರು ತುಂಬಲೇಬಾರದು. ಕೆಲಸ ತಡವಾದರೆ ದಪ್ಪ ಬಟ್ಟೆ ಹೊದಿಸಿ, ಸಂಜೆ ತಂಪಾದ ಮೇಲೆ ತುಂಬಿಸಿ. ಪದರವು ದಪ್ಪಗಟ್ಟಿದ್ದರೆ ಅನುಭವಿಯನ್ನು ಕರೆಯಿರಿ. ಬಚ್ಚಲು ತೊಳೆಯುವ ಆಸಿಡ್ಡು ಕೂಡದು, ಅದು ಸ್ಟೇನ್‌ಲೆಸ್ ಉಕ್ಕನ್ನು ತಿನ್ನುತ್ತದೆ. ಮೆಗ್ನೀಸಿಯಂ ಸರಳು ಇರುವ ಟ್ಯಾಂಕಾದರೆ, ಟ್ಯಾಂಕಿಗೆ ಬದಲಾಗಿ ತಾನು ಸವೆಯುವುದೇ ಅದರ ಧರ್ಮವಾದ್ದರಿಂದ, ಎಷ್ಟು ಉಳಿದಿದೆಯೆಂಬುದನ್ನು ಇದೇ ವೇಳೆ ನೋಡಿಸಬೇಕು.

5. ಏರ್‌ವೆಂಟ್ ಮತ್ತು ಕೊಳವೆ

ಟ್ಯಾಂಕಿನ ನೆತ್ತಿಯಿಂದ ಮೇಲೆದ್ದ ಏರ್‌ವೆಂಟ್ ಕೊಳವೆಯ ಬಾಯಲ್ಲಿ ಕಣಜವು ಗೂಡು ಕಟ್ಟಿರಬಹುದು, ಕಸ ಸೇರಿರಬಹುದು. ಅದನ್ನು ಬಿಡಿಸದಿದ್ದರೆ ಒತ್ತಡ ಏರುಪೇರಾಗಿ ಟ್ಯಾಂಕಿಗೇ ಹಾನಿ. ಬಿಸಿನೀರಿನ ಕೊಳವೆಗೆ ಸುತ್ತಿದ ಫೋಮು ಬಿಸಿಲಿಗೆ ಪುಡಿಯಾಗಿದ್ದರೆ ಹೊಸದನ್ನು ಹಾಕಿ, ಮೇಲೆ ಬಿಸಿಲು ತಡೆಯುವ ಟೇಪು ಸುತ್ತಿಸಬೇಕು. ಅರ್ಧ ಇಂಚಿನ ಕೊಳವೆ 20 ಮೀಟರ್ ಉದ್ದವಿದ್ದರೆ ಅದರೊಳಗೆ ನಿಂತ ಸುಮಾರು ಎರಡೂವರೆ ಲೀಟರ್ ತಣ್ಣೀರು ಮೊದಲು ಹೊರಬಂದೇ ಬರುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ಬಟ್ಟೆಗೋ ಗಿಡಕ್ಕೋ ಆದೀತು.

6. ವಿದ್ಯುತ್ತಿನ ನೆರವು

ಮೋಡ ಕವಿದ ದಿನಕ್ಕೆಂದು ಟ್ಯಾಂಕಿನಲ್ಲಿ ಅಳವಡಿಸಿದ ಕಾಯಿಲನ್ನು ಚಳಿಗೆ ಮುನ್ನವೇ ಎಲೆಕ್ಟ್ರಿಷಿಯನ್ನನಿಂದ, ಅರ್ಥಿಂಗ್ ಸಹಿತ, ಪರೀಕ್ಷಿಸಿಕೊಳ್ಳತಕ್ಕದ್ದು. 100 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಸುಮಾರು 2.3 ಯೂನಿಟ್ ವಿದ್ಯುತ್ ಬೇಕು. 2 ಕಿಲೋವ್ಯಾಟಿನ ಕಾಯಿಲಿಗೆ ಅದು ಒಂದು ಗಂಟೆ ಹತ್ತು ನಿಮಿಷದ ಕೆಲಸ. ರಾತ್ರಿಯಿಡೀ ಸ್ವಿಚ್ಚು ಹಾಕಿಡುವುದು ವ್ಯರ್ಥವೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

7. ಬಳಸುವ ವೇಳೆ

ಬಿಸಿನೀರನ್ನು ತೆಗೆದಷ್ಟೂ ತಣ್ಣೀರು ಟ್ಯಾಂಕನ್ನು ಸೇರುವುದು ಈ ಯಂತ್ರದ ರಚನೆ. ಆದ್ದರಿಂದ ಸಂಜೆ ಪಾತ್ರೆ ತೊಳೆಯಲು ಧಾರಾಳವಾಗಿ ಬಳಸಿದ ಮನೆಯಲ್ಲಿ ಮರುದಿನ ಕೊನೆಯಲ್ಲಿ ಸ್ನಾನಕ್ಕಿಳಿದವರಿಗೆ ಉಗುರುಬೆಚ್ಚಗಿನ ನೀರೇ ಗತಿ.

ಇವೆಲ್ಲ ಮುಗಿದ ಮೇಲೆ, ಬಿಸಿಲು ಚೆನ್ನಾಗಿರುವ ಒಂದು ದಿನ, ನೀರಿನ ಉಷ್ಣತೆಯನ್ನು ಸಂಜೆ ಐದಕ್ಕೆ ಟ್ಯಾಂಕಿನ ಬಳಿಯ ನಲ್ಲಿಯಲ್ಲಿಯೂ, ತಣ್ಣೀರು ಹರಿದುಹೋದ ಮೇಲೆ ಬಚ್ಚಲಿನ ನಲ್ಲಿಯಲ್ಲಿಯೂ ಅಳೆಯಿರಿ. ಮರುದಿನ ಬೆಳಗ್ಗೆ, ಯಾರೂ ನೀರು ಬಳಸುವ ಮುನ್ನ, ಮತ್ತೊಮ್ಮೆ ಟ್ಯಾಂಕಿನ ಬಳಿ ಅಳೆಯಿರಿ. ಸಂಜೆಯೇ ಟ್ಯಾಂಕಿನ ನೀರು ತಂಪಾಗಿದ್ದರೆ ದೋಷ ಗಾಜಿನದೋ ನೆರಳಿನದೋ ಸುಣ್ಣದ್ದೋ. ಟ್ಯಾಂಕಿನಲ್ಲಿ ಕಾದದ್ದು ಬಚ್ಚಲಿನಲ್ಲಿ ಆರಿದ್ದರೆ ಕೊಳವೆಯದು. ಸಂಜೆ ಕಾದದ್ದು ಬೆಳಗಾಗುವಷ್ಟರಲ್ಲಿ ಬಹಳವಾಗಿ ಆರಿದ್ದರೆ ಟ್ಯಾಂಕಿನ ಹೊದಿಕೆಯದು, ಇಲ್ಲವೆ ಬಿಸಿನೀರು ಹಿಮ್ಮೊಗವಾಗಿ ಹರಿಯಗೊಟ್ಟ ವಾಲ್ವಿನದು. ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡ ಗೃಹಸ್ಥನಿಗೆ, ಹೊಸ ಸೋಲಾರ್ ಕೊಳ್ಳಬೇಕೆಂದು ಯಾರಾದರೂ ಹೇಳಿದಾಗ, ಯಾವ ಭಾಗವು ಕೆಟ್ಟಿದೆಯೆಂದು ತಿರುಗಿ ಕೇಳುವ ಅಧಿಕಾರ ಬರುತ್ತದೆ.