ಕೋವಿಗೆ ಮೂರು ಕೋಲಿನ ಆಸರೆ

ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಒಂದೇ ರಾತ್ರಿಗೆ ಸಾಲುಸಾಲೇ ಹೋಗುತ್ತೆ. ಬೆಳೆ ಕಾಯೋಕೆ ಕೋವಿ ಲೈಸೆನ್ಸ್ ಇದ್ದರೂ ಅದು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿ ಹೊಡೆಯುವುದು ಅಪರಾಧ.

ಅನುಮತಿ ಸಿಕ್ಕರೂ ಬರೀ ಕೈಯಲ್ಲಿ ಹಿಡಿದ ಕೋವಿ ಉಸಿರಾಡಿದರೂ ಅಲ್ಲಾಡುತ್ತೆ. ಗುರಿ ತಪ್ಪಿ ಗಾಯಗೊಂಡ ಹಂದಿ ಮೈಮೇಲೇ ಬಂದೀತು. ಅದಕ್ಕೆ ನಾನು ಆಸರೆ ಮಾಡಿಕೊಂಡಿದ್ದೇನೆ.

ನಿಮ್ಮ ತಲೆಯೆತ್ತರದ ಮೂರು ಬಿದಿರು ಕೋಲು ತಗೊಳ್ಳಿ. ತುದಿಯಿಂದ ಒಂದು ಗೇಣು ಕೆಳಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿ. ಬುಡ ಅಗಲಿಸಿದರೆ ಮೇಲೆ ಕವೆ ಆಗುತ್ತೆ. ಕೂತು ಕಾಯುವವರಿಗೆ 3 ಅಡಿ ಕೋಲು ಸಾಕು. ಕವೆಯಲ್ಲಿ ಕೋವಿಯ ಮುಂದಿನ ಮರದ ಭಾಗ ಕೂರಬೇಕು. ನಳಿಗೆಯನ್ನೇ ಊರಿದರೆ ಗುಂಡು ಗುರಿ ಬಿಟ್ಟು ಹೋಗುತ್ತೆ. ಕೋವಿಯನ್ನು ಕವೆಯಲ್ಲಿ ಬಿಟ್ಟು ಕೈ ತೆಗೆಯಬೇಡಿ. ಮಡಚಿದರೆ ಇದೇ ಊರುಗೋಲು.

ಕೋವಿ ಅಲ್ಲಾಡುವುದಿಲ್ಲ ಅಂತ ಧೈರ್ಯ ಮಾಡಬೇಡಿ. ಹಂದಿಯ ಆಚೆ ಪಕ್ಕದ ಹೊಲದವರೂ ಕಾವಲು ಕೂತಿರುತ್ತಾರೆ. ಗುಂಡು ತಡೆಯುವಂಥ ಮಣ್ಣಿನ ಏರಿ ಹಿಂದೆ ಕಾಣದಿದ್ದರೆ ಕುದುರೆಗೆ ಬೆರಳು ಹಾಕಲೇಬೇಡಿ. ಹೋದ ಶೇಂಗಾ ಮುಂದಿನ ಮಳೆಗೆ ಬಂದೀತು, ಮನುಷ್ಯ ಬರುವುದಿಲ್ಲ.